ಯಂತ್ರವು ಸಣ್ಣ ರೈತನಿಗೂ ಎಟುಕಲಿ

ಮಹಾರಾಷ್ಟ್ರ ಸರಕಾರವು 2025ರಲ್ಲಿ ಕೃಷಿಗೆ ಕೃತಕ ಬುದ್ಧಿಮತ್ತೆಯನ್ನು ಅಳವಡಿಸುವ ನೀತಿಯನ್ನು ಅಂಗೀಕರಿಸಿತು. ನಾವು ಇದನ್ನು ಸ್ವಾಗತಿಸುತ್ತೇವೆ. ನಾಸಿಕದ ದ್ರಾಕ್ಷಿತೋಟಗಳಿಗೆ ಎಲೆಯ ತೇವವನ್ನೂ ಮಣ್ಣಿನ ಹಸಿಯನ್ನೂ ಅಳೆದು ಮೊಬೈಲಿಗೆ ತಿಳಿಸುವ ಸಾಧನಗಳು ಆಗಲೇ ಬಂದಿವೆ. ಬೂಜುರೋಗದ ಮುನ್ಸೂಚನೆ ದೊರೆತರೆ ವೃಥಾ ಔಷಧ ಸಿಂಪಡಿಸುವುದು ತಪ್ಪುತ್ತದೆ.

ಆದರೆ ಮಳೆಯನ್ನೇ ನಂಬಿದ ಛತ್ರಪತಿ ಸಂಭಾಜಿನಗರದ ಹತ್ತಿ ಬೆಳೆಗಾರನು ಈ ವೆಚ್ಚವನ್ನು ಹೊರಬಲ್ಲನೆ? 2015-16ರ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಎರಡು ಹೆಕ್ಟೇರಿಗಿಂತ ಕಿರಿದು. ಒಬ್ಬೊಬ್ಬನೂ ಯಂತ್ರ ಕೊಂಡು ಸಾಲಗಾರನಾಗುವುದು ತರವಲ್ಲ. ದಿಂಡೋರಿ ತಾಲೂಕಿನ ಮೋಹಾಡಿಯಲ್ಲಿ ರೈತರೇ ಒಡೆಯರಾದ ಸಹ್ಯಾದ್ರಿ ಸಂಸ್ಥೆಯು ಕೂಡಿ ಬಾಳುವ ದಾರಿಯನ್ನು ತೋರಿದೆ. ಊರಿಗೊಂದು ಹವಾಮಾಪಕವಿರಲಿ, ಒಡೆತನ ರೈತಸಂಘದ್ದಿರಲಿ, ಸಲಹೆ ಮರಾಠಿಯಲ್ಲಿರಲಿ.

ನಮ್ಮವರ ಹೋಟೆಲುಗಳ ಬಾಣಲೆಗೆ ಬೀಳುವ ಈರುಳ್ಳಿ ನಾಸಿಕದ್ದು. ಅದನ್ನು ಬೆಳೆವವನು ಉಳಿದರೆ ನಾವೂ ಉಳಿದೇವು.