ಕರೆಂಟು ಹೋದರೆ ಸೋಲಾರೂ ಹೋಗುತ್ತೆ, ಸ್ವಾಮಿ!

ಮಟಮಟ ಮಧ್ಯಾಹ್ನ. ಆರ್‌ಪಿಸಿ ಲೇಔಟಿನ ಒಂದು ಮನೆ. ತಾರಸಿ ಮೇಲೆ ಆರು ಸೋಲಾರ್ ಪ್ಯಾನೆಲ್, ಅದರ ಮೇಲೆ ಸುಡುವ ಬಿಸಿಲು. ಕೆಳಗೆ ನಡುಮನೆಯಲ್ಲಿ ಯಜಮಾನರು ಪೇಪರ್ ಮಡಿಸಿ ಗಾಳಿ ಬೀಸಿಕೊಳ್ತಾ ಕೂತಿದ್ದಾರೆ. ಬೀದಿಗೇ ಕರೆಂಟಿಲ್ಲ.

"ಸೋಲಾರ್ ಹಾಕ್ಸಿದೀರಲ್ಲ ಸಾರ್, ಫ್ಯಾನ್ ಯಾಕೆ ನಿಂತಿದೆ?"

ಎದುರು ಮನೆಯವರ ಈ ಪ್ರಶ್ನೆಗೆ ಯಜಮಾನರ ಹತ್ತಿರ ಉತ್ತರವಿಲ್ಲ. ಹಾಕಿಕೊಟ್ಟವರು ಹೇಳಿರಲಿಲ್ಲ. ಇವರು ಕೇಳಿರಲಿಲ್ಲ.

ಸೋಲಾರ್ ಒಳ್ಳೆಯದೇ. ಬೆಂಗಳೂರಿನ ತಾರಸಿಗಳಿಗೆ ಅದು ಹೊಸದೂ ಅಲ್ಲ. ಬಿಸಿನೀರಿನ ಸೋಲಾರಿಗೆ ಈ ಊರು ಇಡೀ ದೇಶದಲ್ಲೇ ಹೆಸರುವಾಸಿ. ಆದರೆ ನೀರು ಕಾಯಿಸುವುದು ಬೇರೆ, ಕರೆಂಟು ತೆಗೆಯುವುದು ಬೇರೆ. ಲಕ್ಷಗಟ್ಟಲೆ ಸುರಿಯುವ ಮೊದಲು ಲೆಕ್ಕವನ್ನು ಮನೆಯವರೇ ಹಾಕಬೇಕು. ಮಾರುವವರು ಹಾಕಿಕೊಡುವ ಲೆಕ್ಕದಲ್ಲಿ ಅವರ ಲಾಭವೂ ಸೇರಿರುತ್ತೆ ಎಂಬುದನ್ನು ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಾಗಿಲ್ಲ.

ಲೈನ್‌ಮನ್ ಜೀವದ ಪ್ರಶ್ನೆ

ಫ್ಯಾನ್ ಯಾಕೆ ನಿಂತಿತು? ಬೆಸ್ಕಾಂ ಲೈನಿಗೆ ಸೇರಿಸಿದ ಸೋಲಾರಿನ ಇನ್ವರ್ಟರ್, ಲೈನಿನಲ್ಲಿ ಕರೆಂಟು ಹೋದ ತಕ್ಷಣ ತಾನೂ ನಿಲ್ಲುತ್ತೆ. ಅದು ದೋಷವಲ್ಲ, ಕಾನೂನು. ಕಂಬ ಹತ್ತಿದ ಲೈನ್‌ಮನ್ ಕರೆಂಟಿಲ್ಲ ಅಂತ ನಂಬಿ ತಂತಿಗೆ ಕೈ ಹಾಕುತ್ತಾನೆ. ಆ ಹೊತ್ತಿನಲ್ಲಿ ನಮ್ಮ ತಾರಸಿಯ ಕರೆಂಟು ತಂತಿಗೆ ಹರಿದರೆ ಅವನ ಗತಿ? ಅದಕ್ಕೇ ಈ ಕಟ್ಟುಪಾಡು. ಕರೆಂಟು ಹೋದಾಗಲೂ ಮನೆ ನಡೆಯಬೇಕೆಂದರೆ ಬ್ಯಾಟರಿ ಸೇರಿದ ಹೈಬ್ರಿಡ್ ವ್ಯವಸ್ಥೆ ಬೇಕು. ಅದರ ಖರ್ಚೇ ಬೇರೆ. ಈ ಒಂದು ಮಾತನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು.

ಮೊದಲು ಬಿಲ್ ತೆಗೆಯಿರಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು. ಇಲ್ಲಿ ಹಾಸಿಗೆ ಎಂದರೆ ಕರೆಂಟು ಬಿಲ್. ಹಿಂದಿನ 12 ತಿಂಗಳ ಬಿಲ್ಲುಗಳನ್ನು ಸಾಲಾಗಿಟ್ಟು ಯೂನಿಟ್ ಕೂಡಿ 12ರಿಂದ ಭಾಗಿಸಿದರೆ ಅದೇ ಮನೆಯ ಸರಾಸರಿ.

2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕ ಹೀಗಿದೆ. 2022–23ರ ಸರಾಸರಿ ನೋಡಿ ಮನೆಮನೆಗೂ ಒಂದು ಮಿತಿ ಇಟ್ಟಿದ್ದಾರೆ. ಮಿತಿ ದಾಟಿದರೆ ಹೆಚ್ಚಿಗೆ ಉರಿಸಿದ್ದಕ್ಕೆ ಮಾತ್ರ ದುಡ್ಡು. 200 ಯೂನಿಟ್ ದಾಟಿತೋ, ಪೂರ್ತಿ ಬಿಲ್! ಹಾಗಾಗಿ ಯೋಜನೆಯಲ್ಲಿದ್ದೂ 210, 220 ಯೂನಿಟ್ ಉರಿಸುವ ಮನೆಗೆ ಸೋಲಾರ್ ಮದ್ದಲ್ಲ. ಆ 20 ಯೂನಿಟ್ ಇಳಿಸುವುದೇ ಮದ್ದು.

ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತೆ. ಹೊಸ ಬಿಎಲ್‌ಡಿಸಿ ಫ್ಯಾನ್‌ಗೆ 30 ವ್ಯಾಟ್ ಸಾಕು. ನಾಲ್ಕು ಫ್ಯಾನ್, ದಿನಕ್ಕೆ 10 ಗಂಟೆ ಅಂತಿಟ್ಟುಕೊಳ್ಳಿ. ಹಳೇದಕ್ಕೆ ತಿಂಗಳಿಗೆ 90 ಯೂನಿಟ್, ಹೊಸದಕ್ಕೆ 36. ಉಳಿತಾಯ 54 ಯೂನಿಟ್! ಇನ್ನು ಗೀಸರ್. 2 ಕಿಲೋವ್ಯಾಟ್‌ನದು ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಬಿಸಿನೀರಿನ ಸೋಲಾರ್ ಅದನ್ನು ಬಹುಪಾಲು ತಿಂಗಳು ಉಳಿಸುತ್ತೆ. ಇಷ್ಟನ್ನು ಮಾಡದೆ ಪ್ಯಾನೆಲ್ ಹಾಕಿಸುವುದೆಂದರೆ ತೂತು ಕೊಡಕ್ಕೆ ದೊಡ್ಡ ನಲ್ಲಿ ಹಾಕಿಸಿದ ಹಾಗೆ.

ಇಷ್ಟು ಇಳಿಸಿಯೂ 300–350 ಯೂನಿಟ್ ಬರುವ ಮನೆಗೆ ಸೋಲಾರ್ ಲಾಭ. ನಮ್ಮೂರ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ, ಮಳೆಗಾಲದಲ್ಲಿ ಕಡಿಮೆ. 3 ಕಿಲೋವ್ಯಾಟ್‌ಗೆ ತಿಂಗಳಿಗೆ ಹತ್ತಿರ ಹತ್ತಿರ 350. ಖರ್ಚು 2 ಲಕ್ಷದ ಆಸುಪಾಸು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕೆ ಮೇಲ್ಪಟ್ಟು 78 ಸಾವಿರ ರೂಪಾಯಿ ಸಬ್ಸಿಡಿ. ಮಿಕ್ಕಿದ್ದು 1 ಲಕ್ಷದ 22 ಸಾವಿರ. ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿಯಂತೆ ಹಿಡಿದರೂ ಐದು ವರ್ಷದ ಸುಮಾರಿಗೆ ಹಾಕಿದ ದುಡ್ಡು ವಾಪಸ್. ನಿಗದಿ ಶುಲ್ಕ ಮಾತ್ರ ಸೋಲಾರ್ ಇದ್ದರೂ ತಪ್ಪದು.

"ಹೆಚ್ಚು ಪ್ಯಾನೆಲ್ ಹಾಕಿ, ಬೆಸ್ಕಾಂಗೆ ಮಾರಿ ಸಂಪಾದಿಸಿ" ಎನ್ನುವವರ ಮಾತಿಗೆ ಮರುಳಾಗಬಾರದು. 2013ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ತಾರಸಿ ಸೋಲಾರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಇಟ್ಟಿತ್ತು. ಆ ಕಾಲ ಹೋಯಿತು. ಈಗ ಮಿಕ್ಕ ಕರೆಂಟಿಗೆ ಸಿಗುವುದು ಅದರ ಅರ್ಧಕ್ಕೂ ಕಡಿಮೆ. ಮನೆಗೆ ಬೇಕಾದಷ್ಟೇ ಹಾಕಿಸುವುದು ಜಾಣತನ.

ಬಿಸಿಲು ಯಾರ ಸ್ವತ್ತು?

ಲೇಔಟಿನ ದೊಡ್ಡ ತಾಪತ್ರಯ ಇದು. 30–40ರ ಸೈಟು, ಅದರಲ್ಲೂ ಅರ್ಧ ಮಾಡಿದ ಸೈಟು. ಪಕ್ಕದವರು ಮೂರನೇ ಮಹಡಿ ಎಬ್ಬಿಸಿದರೆ ನಮ್ಮ ತಾರಸಿಗೆ ಮಧ್ಯಾಹ್ನವೇ ಸಂಜೆ.

ನೆರಳು ಸ್ವಲ್ಪವೇ ಅಂತ ಉದಾಸೀನ ಬೇಡ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ನೋಡಿಲ್ಲವೇ? ಒಂದು ಬಲ್ಬು ಹೋದರೆ ಸಾಲಿಗೆ ಸಾಲೇ ಹೋಗುತ್ತೆ. ಪ್ಯಾನೆಲ್‌ಗಳನ್ನೂ ಹಾಗೇ ಸಾಲಾಗಿ ಜೋಡಿಸಿರುತ್ತಾರೆ. ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲು ಸೊರಗಬಹುದು.

ಪರೀಕ್ಷೆಗೆ ಇಂಜಿನಿಯರ್ ಬೇಕಿಲ್ಲ, ಒಂದು ಸೀಮೆಸುಣ್ಣ ಸಾಕು. ಡಿಸೆಂಬರ್ ತಿಂಗಳಲ್ಲಿ ನೆರಳು ಉದ್ದ. ಆಗ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ತಾರಸಿ ಹತ್ತಿ ನೆರಳಿನ ಅಂಚಿಗೆ ಗೆರೆ ಎಳೆಯಿರಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆದ್ದರಿಂದ ಜೂನ್‌ನಲ್ಲೂ ಒಮ್ಮೆ ನೋಡಬೇಕು. ಮೂರೂ ಹೊತ್ತು ಬಿಸಿಲಿರುವ ಜಾಗ ಎಷ್ಟಿದೆಯೋ ಅಷ್ಟೇ ನಿಮ್ಮ ಸೋಲಾರ್. ಕಿಲೋವ್ಯಾಟ್‌ಗೆ 80ರಿಂದ 100 ಚದರಡಿ ಹಿಡಿಯಿರಿ. ಮುಖ ದಕ್ಷಿಣಕ್ಕೆ, ಓರೆ ಸುಮಾರು 13 ಡಿಗ್ರಿ.

ಪಕ್ಕದ ಸೈಟು ಖಾಲಿಯಿದ್ದರೆ ಆ ಯಜಮಾನರನ್ನು ಒಂದು ಮಾತು ಕೇಳಿ: "ಮುಂದೆ ಎಷ್ಟು ಅಂತಸ್ತು ಕಟ್ತೀರಿ?"

ಕೈಯಾರೆ ಎಷ್ಟು ಮಾಡಬಹುದು?

ತಾರಸಿ ಹತ್ತಿ ಪ್ಯಾನೆಲ್ ವೈರಿಗೆ ಕೈ ಹಾಕುವ ಸಾಹಸ ಬೇಡವೇ ಬೇಡ. ಆರು ದೊಡ್ಡ ಪ್ಯಾನೆಲ್ ಸಾಲಾಗಿ ಸೇರಿದರೆ 250ರಿಂದ 300 ವೋಲ್ಟ್. ಬಿಸಿಲಿರುವ ತನಕ ಪ್ಯಾನೆಲ್ ಅನ್ನೇ ಆಫ್ ಮಾಡುವ ಸ್ವಿಚ್ಚಿಲ್ಲ. ತೊಳೆಯುವ ಕೆಲಸ ಮನೆಯವರದೇ: ಬೆಳಗಿನ ತಂಪಿನಲ್ಲಿ, ಬರೀ ನೀರಿನಲ್ಲಿ. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಎರಚಬಾರದು.

ಕೈಯಾರೆ ಮಾಡುವ ಹುಮ್ಮಸ್ಸಿರುವವರಿಗೆ 12 ವೋಲ್ಟಿನ ಸಣ್ಣ ಸೆಟ್ ಇದೆ. ಅಂಗಡಿಯವರಿಗೂ ಇದು ಉಪಯೋಗ. ಸೂರ್ಯಘರ್ ಸಬ್ಸಿಡಿ ಮನೆಗಳಿಗೆ ಮಾತ್ರ, ಅಂಗಡಿಗಿಲ್ಲ. 100 ವ್ಯಾಟಿನ ಒಂದು ಪ್ಯಾನೆಲ್, ಒಂದು ಚಾರ್ಜ್ ಕಂಟ್ರೋಲರ್, 40 ಎಎಚ್ ಬ್ಯಾಟರಿ. ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಮಾನು. ಇಂಟರ್‌ನೆಟ್ ರೂಟರ್ 10 ವ್ಯಾಟ್, ಎರಡು ಬಲ್ಬು 18, ಚಿಕ್ಕ ಫ್ಯಾನ್ 30: ಒಟ್ಟು 58 ವ್ಯಾಟ್. ನಾಲ್ಕು ಗಂಟೆಗೆ 232. ಬ್ಯಾಟರಿಯಲ್ಲಿರುವುದು 480, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅಲ್ಲಿಗೆ ಲೆಕ್ಕ ಸರಿಹೋಯಿತು.

ಮೂರು ಎಚ್ಚರಿಕೆ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಸೇರಿಸಬೇಕು. ಬ್ಯಾಟರಿ ಪಕ್ಕದಲ್ಲೇ 10 ಆಂಪ್ ಫ್ಯೂಸ್ ಇರಬೇಕು, ಬ್ಯಾಟರಿಗೆ ಗಾಳಿಯಾಡಬೇಕು. ಈ ಸೆಟ್ಟಿನ ವೈರನ್ನು ಮನೆಯ ವೈರಿಂಗಿಗೆ ಎಂದೂ ಸೇರಿಸಬಾರದು. ಲೈನ್‌ಮನ್ ನೆನಪಿರಲಿ!

ಬೆಸ್ಕಾಂ ಬೀದಿಗೆ ಬರಲಿ

ಜನ ಲೆಕ್ಕ ಹಾಕಬೇಕು, ನಿಜ. ಆದರೆ ಲೆಕ್ಕ ಹೇಳಿಕೊಡುವವರೂ ಬೇಡವೇ? ಅರ್ಜಿ ಆನ್‌ಲೈನ್, ಕಂಪನಿಗಳ ಪಟ್ಟಿ ಆನ್‌ಲೈನ್. ತೀರಿಹೋದ ತಂದೆಯ ಹೆಸರಲ್ಲೇ ಆರ್.ಆರ್. ನಂಬರ್ ಇಟ್ಟುಕೊಂಡವರು ಮೊದಲು ಹೆಸರು ಬದಲಾಯಿಸಿಕೊಳ್ಳಬೇಕು ಎಂಬುದನ್ನು ಹೇಳುವವರು ಯಾರು? ಮೀಟರ್ ನೋಡಲು ತಿಂಗಳು ತಿಂಗಳು ಮನೆ ಬಾಗಿಲಿಗೆ ಬರುವ ಬೆಸ್ಕಾಂ, ಒಂದು ಭಾನುವಾರ ಲೇಔಟಿನ ಪಾರ್ಕಿನಲ್ಲಿ ಮೇಜು ಹಾಕಿ ಕೂರಲಿ. ಬಿಲ್ ತಂದವರಿಗೆ ಸೋಲಾರ್ ಬೇಕೋ ಬೇಡವೋ ಹೇಳಲಿ. "ಕರೆಂಟು ಹೋದರೆ ಇದೂ ಹೋಗುತ್ತದೆ" ಎಂಬ ಸಾಲನ್ನು ಮಾರುವವರು ಕನ್ನಡದಲ್ಲಿ ಬರೆದುಕೊಡುವಂತೆ ಮಾಡಲಿ. ಇದಕ್ಕೆ ಲಕ್ಷ ಬೇಡ, ಮನಸ್ಸು ಸಾಕು. ಸಂಬಂಧಪಟ್ಟವರು ಗಮನಿಸುವರೇ?

ಅಲ್ಲಿಯ ತನಕ ಕಾಯಬೇಕಿಲ್ಲ. ಈ ಸಂಜೆ ಬಸ್ಸಿಳಿದು ಮನೆ ಸೇರಿದವರು, ಬಾಗಿಲು ಎಳೆದು ಗಲ್ಲಾ ಎಣಿಸಿದವರು, ಕರೆಂಟು ಬಿಲ್ಲೊಂದನ್ನು ತೆಗೆದು ಯೂನಿಟ್ ಎಷ್ಟು ಅಂತ ನೋಡಲಿ. ಸೂರ್ಯ ನಾಳೆಯೂ ಬರುತ್ತಾನೆ. ಕೊಟ್ಟ ಮುಂಗಡ ಮಾತ್ರ ವಾಪಸ್ ಬರೋದು ಕಷ್ಟ.