ದಲ್ಲಾಳಿ ಯಾರ ಕಡೆಯವನು?

ನಾನು ಹಾಸನದ ಕಡೆಯವನು ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಗೆಳೆಯರು ಎರಡು ಪ್ರಶ್ನೆ ಕೇಳ್ತಾರೆ. ಒಂದು, "ಅಲ್ಲಿ ನಂಬಿಕಸ್ಥ ಬ್ರೋಕರ್ ಯಾರಾದ್ರೂ ಇದ್ದಾರಾ?" ಎರಡು, "ಬ್ರೋಕರ್ ಬೇಡ, ಡೈರೆಕ್ಟಾಗಿ ಓನರ್ ಸಿಗ್ತಾರಾ?" ಒಬ್ಬನೇ ಮನುಷ್ಯ, ಒಂದೇ ಉಸಿರಲ್ಲಿ ಈ ಎರಡನ್ನೂ ಕೇಳೋದು. ಕೆಲಸ ಬೇಕು, ಕೆಲಸಗಾರ ಬೇಡ. ನಮ್ಮ ಹಳ್ಳಿಗಳ ಜಮೀನು ವ್ಯಾಪಾರ ಕೆಟ್ಟಿರೋದು ದಲ್ಲಾಳಿಗಳಿಂದ ಅಂತ ಎಲ್ಲರೂ ಹೇಳ್ತಾರೆ. ನಾನು ಹೇಳೋದು, ಅರ್ಧ ಕೆಟ್ಟಿರೋದು ಈ ಎರಡು ಪ್ರಶ್ನೆಗಳಿಂದ.

ಮೊದಲು ಹೀಗಿರಲಿಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಇದ್ದಷ್ಟು ದಿನ ರೈತನಲ್ಲದವನು, ಆದಾಯದ ಮಿತಿ ದಾಟಿದವನು ಕೃಷಿ ಜಮೀನು ಕೊಳ್ಳೋ ಹಾಗಿರಲಿಲ್ಲ. 2 ಲಕ್ಷ ಇದ್ದ ಮಿತಿ 2015ರಲ್ಲಿ 25 ಲಕ್ಷ ಆಯ್ತು, 2020ರ ತಿದ್ದುಪಡಿಯಲ್ಲಿ ಆ ಕಲಂಗಳೇ ಹೋದವು. ಅಲ್ಲಿಗೆ ಲ್ಯಾಪ್‌ಟಾಪ್ ಹಿಡಿದವರಿಗೆಲ್ಲ ಬಾಗಿಲು ತೆರೀತು. ಚನ್ನರಾಯಪಟ್ಟಣಕ್ಕೆ ರಾಷ್ಟ್ರೀಯ ಹೆದ್ದಾರಿ 75 ಇದೆ, ತೆಂಗಿನ ತೋಟ ಇದೆ, 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರು ರೈಲೂ ಇದೆ. ಹೊಳೆನರಸೀಪುರಕ್ಕೆ ಹೇಮಾವತಿ. ಅರಕಲಗೂಡಿಗೆ ರಾಮನಾಥಪುರದ ಹತ್ತಿರ ಕಾವೇರಿ. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್ ಬರಬಹುದಾದ ದೂರ. ಇನ್ನೇನು ಬೇಕು?

ಬೇಕಾಗಿರೋದರ ಪಟ್ಟಿ ಕೇಳಿ. ನೀರಿರಬೇಕು, ಟಾರ್ ರಸ್ತೆ ಅಂಟಿಕೊಂಡಿರಬೇಕು, ಕರೆಂಟ್ ಇರಬೇಕು, ಅಕ್ಕಪಕ್ಕದವರು ಒಳ್ಳೆಯವರಾಗಿರಬೇಕು. ಟೈಟಲ್ ನೂರಕ್ಕೆ ನೂರು ಕ್ಲಿಯರ್ ಇರಬೇಕು, ಮೂವತ್ತು ದಿನದಲ್ಲಿ ರಿಜಿಸ್ಟ್ರೇಷನ್ ಮುಗೀಬೇಕು. ದರ ಮಾತ್ರ ಹತ್ತು ವರ್ಷದ ಹಿಂದಿನದು. ಐದು ವಾರಾಂತ್ಯ ಹತ್ತು ಜಮೀನು ತೋರಿಸಿದವನಿಗೆ ಪೆಟ್ರೋಲ್ ದುಡ್ಡೂ ಇಲ್ಲ, ಯಾಕಂದ್ರೆ "ಡೀಲ್ ಆದ್ರೆ ನೋಡ್ಕೊಳ್ಳೋಣ". ಡೀಲ್ ಆಗೋ ಹೊತ್ತಿಗೆ ಓನರ್ ಮನೇಲಿ ಕಾಫಿ ಕುಡಿದು, ಅವರ ನಂಬರ್ ಇಸ್ಕೊಂಡು, ತೋರಿಸಿದವನನ್ನೇ ಬಿಟ್ಟು ಮಾತು ಮುಗಿಸೋ ಜಾಣರೂ ಇದ್ದಾರೆ. ಇದಕ್ಕೆ ನಾವು ಇಟ್ಟ ಹೆಸರು ನೆಗೋಷಿಯೇಷನ್.

ಈಗ ಆ ಕಡೆಯ ಕೆಲಸ ಏನು ಅಂತ ನೋಡಿ. ಪಹಣಿಯಲ್ಲಿ ಇರೋ ಹೆಸರು ತೀರಿಕೊಂಡ ಅಜ್ಜನದು. ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ಒಂದೇ ಸರ್ವೆ ನಂಬರಿನಲ್ಲಿ ಆರು ಜನರ ಹೆಸರಿದೆ, ಪೋಡಿ ಆಗಿಲ್ಲ. ಭಾಗ ಮಾರಬೇಕಾದ್ರೆ 11ಇ ನಕ್ಷೆ ಬೇಕು, ಸರ್ವೇಯರ್ ಬರೋವರೆಗೂ ಕಾಯಬೇಕು. ಅಣ್ಣತಮ್ಮಂದಿರ ಪಾರೀಕತ್ತು ಬಾಯಿಮಾತಲ್ಲಿ ಆಗಿದೆ, ಕಾಗದದಲ್ಲಿ ಇಲ್ಲ. ಜಮೀನಿಗೆ ಹೋಗೋ ದಾರಿ ನಕಾಶೆಯಲ್ಲಿದೆಯೋ, ಬರೀ ರೂಢಿಯಲ್ಲಿದೆಯೋ ಕೇಳಬೇಕು. ಅರಕಲಗೂಡು ಕಡೆ ಆದ್ರೆ ಇನ್ನೊಂದು ಪ್ರಶ್ನೆ: ಇದು ಗೊರೂರು ಅಣೆಕಟ್ಟಿನ ಮುಳುಗಡೆ ಸಂತ್ರಸ್ತರಿಗೆ ಮಂಜೂರಾದ ಜಮೀನಾ? ಆಗಿದ್ರೆ ಮಂಜೂರಾತಿ ಅಸಲಿಯಾ? ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾದ್ರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯವೇ ಊರ್ಜಿತ ಅಲ್ಲ. ಎಷ್ಟೋ ವರ್ಷ ಕಳೀತು, ಇನ್ನು ಯಾರು ಕೇಳ್ತಾರೆ ಅನ್ನೋ ಧೈರ್ಯಕ್ಕೂ 2023ರ ತಿದ್ದುಪಡಿ ಕತ್ತರಿ ಹಾಕಿದೆ.

"ಅಯ್ಯೋ, ಕೊನೆ ಗಳಿಗೇಲಿ ತಂಗಿ ಪ್ರಾಬ್ಲಂ ಬಂತು" ಅಂತ ಗೊಣಗೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ತಂಗಿ ಪ್ರಾಬ್ಲಂ ಅಲ್ಲ ಸ್ವಾಮಿ, ಪಾಲುದಾರಳು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬರೋ ಹಕ್ಕು ಅಂತ ಗಟ್ಟಿ ಮಾಡಿತು. ಹೊಳೆನರಸೀಪುರದ ದಲ್ಲಾಳಿಯೊಬ್ಬ ಮೈಸೂರಿಗೆ ಮದುವೆಯಾಗಿ ಹೋದ ಮೂವರು ಹೆಣ್ಣುಮಕ್ಕಳ ಮನೆಗೆ ಅಲೆದು ಒಪ್ಪಿಸಿ ಸಹಿಗೆ ಕರ್ಕೊಂಡು ಬರ್ತಾನಲ್ಲ, ನಿಮ್ಮ 'ಕ್ಲಿಯರ್ ಟೈಟಲ್' ಅಂದ್ರೆ ಅದೇ.

ಹಾಗಂತ ದಲ್ಲಾಳಿಗೆ ಹಾರ ಹಾಕೋಕೆ ನಾನು ಬಂದಿಲ್ಲ. ಅವನ ಆಟವೂ ಗೊತ್ತು. ರೈತ ಎಕರೆಗೆ 30 ಲಕ್ಷ ಅಂದ್ರೆ ನಿಮಗೆ 36 ಅಂತಾನೆ. ಎರಡೂ ಕಡೆ ಶೇಕಡಾ ಲೆಕ್ಕದ ಕಮಿಷನ್, ಅದರ ಮೇಲೆ ಈ ಆರು ಲಕ್ಷ. ರೈತನ ಮುಂದೆ "ನಾನು ನಿಮ್ಮವನೇ ಅಣ್ಣ" ಅಂತಾನೆ, ಕಾರಿನಲ್ಲಿ ನಿಮ್ಮ ಪಕ್ಕ ಕೂತು "ಸಾರ್, ನಾನು ನಿಮ್ಮ ಪರ" ಅಂತಾನೆ. ಹಾಗಾದ್ರೆ ಅವನು ಯಾರ ಕಡೆಯವನು? ಯಾರ ಕಡೆಯೂ ಅಲ್ಲ. ವ್ಯವಹಾರದ ಕಡೆಯವನು. ವ್ಯವಹಾರ ಆದರೆ ಮಾತ್ರ ಅವನಿಗೆ ಊಟ. ಅಂಥವನ ಬಾಯಲ್ಲಿ "ಈ ಜಮೀನು ಬೇಡ ಸಾರ್, ದಾರಿ ತಕರಾರಿದೆ" ಅನ್ನೋ ಮಾತು ಹೇಗೆ ಬರುತ್ತೆ? ಆ ಮಾತಿಗೆ ನಾವು ಇಟ್ಟಿರೋ ಬೆಲೆ ಸೊನ್ನೆ. ಬೇಡ ಅಂದವನಿಗೆ ಏನೂ ಸಿಗೋಲ್ಲ, ಮುಚ್ಚಿಟ್ಟವನಿಗೆ ಲಕ್ಷ ಸಿಗುತ್ತೆ. ಇಂಥ ಲೆಕ್ಕ ಇಟ್ಟುಕೊಂಡು ಪ್ರಾಮಾಣಿಕತೆ ನಿರೀಕ್ಷೆ ಮಾಡೋದು ನಮ್ಮ ದಡ್ಡತನ.

ಕಾನೂನು ಏನೂ ಹೇಳಲ್ಲ ಅಂತಲ್ಲ. ಏಜೆಂಟ್ ಆದವನು ತನ್ನನ್ನ ನೇಮಿಸಿದವನಿಗೆ ಲೆಕ್ಕ ಕೊಡಬೇಕು, ಅವನಿಗೆ ತಿಳಿಸದೆ ತಾನೇ ವ್ಯಾಪಾರ ಮಾಡಿಕೊಂಡರೆ ಆ ಲಾಭ ನೇಮಿಸಿದವನದು ಅಂತ 1872ರ ಕರಾರು ಕಾಯ್ದೆಯಲ್ಲೇ ಇದೆ. ಆದ್ರೆ ನಾವು ಯಾರನ್ನ, ಯಾವಾಗ ನೇಮಿಸಿದ್ವಿ? ಒಂದು ಸಾಲು ಬರೆದುಕೊಟ್ಟಿಲ್ಲ. 2016ರ ರೇರಾ ಕಾಯ್ದೆಯಲ್ಲಿ ಏಜೆಂಟರು ನೋಂದಣಿ ಮಾಡಿಸಬೇಕು, ನಿಜ. ಅದು ನೋಂದಾಯಿತ ಪ್ರಾಜೆಕ್ಟುಗಳ ಸೈಟು, ಫ್ಲಾಟು ಮಾರೋರಿಗೆ. ಹಿರೀಸಾವೆಯ ತೆಂಗಿನ ತೋಟ, ಕೊಣನೂರಿನ ಹೊಗೆಸೊಪ್ಪಿನ ಹೊಲ ಅದರ ಕಣ್ಣಿಗೆ ಬೀಳೋದಿಲ್ಲ. ತಮಾಷೆ ನೋಡಿ, ಕ್ರಯಪತ್ರ ಬರೆಯೋ ಪತ್ರಬರಹಗಾರನಿಗೆ ಲೈಸೆನ್ಸ್ ಬೇಕು. 11ಇ ನಕ್ಷೆ ಮಾಡೋ ಖಾಸಗಿ ಸರ್ವೇಯರಿಗೆ ಲೈಸೆನ್ಸ್ ಬೇಕು. ಇಡೀ ವ್ಯವಹಾರ ಕುದುರಿಸೋ ಮನುಷ್ಯನಿಗೆ ಮಾತ್ರ ಒಂದು ಬೈಕು, ಒಂದು ಫೋನು ಇದ್ರೆ ಸಾಕು.

"ಎಲ್ಲಾ ಆನ್‌ಲೈನ್ ಆಗಿದೆ, ಬ್ರೋಕರ್ ಕಾಲ ಮುಗೀತು" ಅನ್ನೋರಿಗೊಂದು ಮಾತು. ಭೂಮಿಯಲ್ಲಿ ಪಹಣಿ ನೋಡಿ, ಕಾವೇರಿಯಲ್ಲಿ ಇಸಿ ತೆಗೀರಿ, ದಿಶಾಂಕ್ ಆ್ಯಪ್ ಹಿಡಿದು ಹೊಲದಲ್ಲಿ ನಿಂತು ಸರ್ವೆ ನಂಬರ್ ನೋಡಿ. ಖಂಡಿತ ನೋಡಿ. ಆದ್ರೆ ಬೋರ್‌ವೆಲ್ ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತೆ, ಬದು ಎಷ್ಟು ಸಲ ಜರುಗಿದೆ, ಯಾರು ಇಪ್ಪತ್ತು ವರ್ಷದಿಂದ ವಾರಕ್ಕೆ ಮಾಡ್ತಿದ್ದಾರೆ ಅನ್ನೋದು ಯಾವ ಆ್ಯಪಿನಲ್ಲೂ ಇಲ್ಲ. ಅದು ಊರಿನ ಬಾಯಲ್ಲಿದೆ. ಊರು ನಿಮ್ಮ ಹತ್ತಿರ ಬಾಯಿ ಬಿಡೋಲ್ಲ.

ಇನ್ನು ಮಾರೋ ರೈತನ ಕಡೆ ಯಾರಿದ್ದಾರೆ? ನಮಗೆ ಲಾಯರ್ ಇದ್ದಾನೆ, ಬ್ಯಾಂಕ್ ಇದೆ, ಗೂಗಲ್ ಇದೆ. ಅವರಿಗೆ ಇರೋದು ಅದೇ ದಲ್ಲಾಳಿ. ಮಗಳ ಮದುವೆಗೋ, ಶುಂಠಿ ಹಾಕಿ ಕೈ ಸುಟ್ಟುಕೊಂಡ ಸಾಲಕ್ಕೋ ಮಾರೋನು ಅಡ್ವಾನ್ಸ್ ಇಸ್ಕೊಂಡು ಅಗ್ರಿಮೆಂಟಿಗೆ ಸಹಿ ಹಾಕ್ತಾನೆ. ಆಮೇಲೆ ಕೊಳ್ಳೋನು ಬೇರೆ ಗಿರಾಕಿ ಸಿಗೋವರೆಗೆ ವರ್ಷ ಎಳೀತಾನೆ. ಜಮೀನು ಮಾರಿದ ಹಾಗೂ ಅಲ್ಲ, ಉಳಿದ ಹಾಗೂ ಅಲ್ಲ. ಬೂವನಹಳ್ಳಿಯ ವಿಮಾನ ನಿಲ್ದಾಣದ ಹೆಸರಲ್ಲಿ, ಕೊನೆಗೆ ಧಾರವಾಡದ ಪಾಲಾದ ಐಐಟಿಯ ಹೆಸರಲ್ಲಿ ಕನಸು ಕಂಡ ಜಿಲ್ಲೆ ನಮ್ಮದು. ಬರುತ್ತೆ ಅನ್ನೋದನ್ನ ನಂಬಿ ಕಾಯೋದು ಏನು ಅಂತ ಇಲ್ಲಿನವರಿಗೆ ಚೆನ್ನಾಗಿ ಗೊತ್ತು.

ಮತ್ತೆ ನಮ್ಮ ನಿಯತ್ತು? "ಮಾರ್ಗಸೂಚಿ ದರಕ್ಕೆ ರಿಜಿಸ್ಟರ್ ಮಾಡ್ಸೋಣ, ಮಿಕ್ಕಿದ್ದು ಕ್ಯಾಶ್" ಅನ್ನೋನೂ ನಾವೇ, "ಹಳ್ಳಿ ಬ್ರೋಕರ್‌ಗಳು ಕಳ್ಳರು" ಅನ್ನೋನೂ ನಾವೇ. ಕಾಗದ ಬೆಳ್ಳಗಿರಬೇಕು, ದುಡ್ಡು ಮಾತ್ರ ಕಪ್ಪಗಿರಬಹುದು.

ದಾರಿ ಇಲ್ಲದೇ ಇಲ್ಲ. ತೋರಿಸೋಕೆ, ಕಾಗದ ತೆಗೆಸೋಕೆ, ಊರಲ್ಲಿ ವಿಚಾರಿಸೋಕೆ ಒಂದು ದರ ಮಾತಾಡಿ, ಕೊಂಡರೂ ಕೊಳ್ಳದಿದ್ದರೂ ಕೊಡಿ. ಒಬ್ಬ ಒಂದೇ ಕಡೆಯಿಂದ ಕಮಿಷನ್ ತಗೊಳ್ಳಲಿ. ಯಾರ ಕಡೆಯವನು, ಎಷ್ಟು ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ದರ ಮಾತಾಡುವಾಗ ರೈತ, ನೀವು ಇಬ್ಬರೂ ಎದುರಿಗೇ ಕೂರಿ. ರೈತನಿಗೂ ಬೇರೆ ಒಬ್ಬರನ್ನ ಕೇಳಿ ಬನ್ನಿ ಅಂತ ವಾರ ಬಿಡಿ. ಸರ್ಕಾರ ಪತ್ರಬರಹಗಾರರ ಹಾಗೇ ಇವರಿಗೂ ತಾಲ್ಲೂಕು ಮಟ್ಟದಲ್ಲಿ ಲೈಸೆನ್ಸ್ ಕೊಡಲಿ. ತಪ್ಪಿದವನದು ರದ್ದಾಗಲಿ.

ಸಾಫ್ಟ್‌ವೇರ್ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ಬಿಲ್ ಮಾಡೋ ನಮಗೆ ಇದು ಹೊಸ ವಿಚಾರ ಅಲ್ಲ. "ಪ್ರಾಜೆಕ್ಟ್ ಲಾಭ ಬಂದ್ರೆ ಸಂಬಳ ಕೊಡ್ತೀವಿ" ಅಂದ ಕಂಪನಿಯಲ್ಲಿ ನಾವು ಒಂದು ದಿನ ಇರ್ತೀವಾ? ಹಾಗಿದ್ದ ಮೇಲೆ ಅರಕಲಗೂಡಿನವನು ಯಾಕಿರಬೇಕು? ನಂಬಿಕಸ್ಥ ಬ್ರೋಕರ್ ಬೇಕು ಅನ್ನೋರು ಮೊದಲು ನಂಬಿಕಸ್ಥ ಗಿರಾಕಿ ಆಗಲಿ.