ಗಡಿಯಾಚೆಗೆ ಮಾರುವ ಮುನ್ನ: ಅಮೆರಿಕದ ಕನ್ನಡ ಬಾಂಧವರಲ್ಲಿ ಒಂದು ಬಿನ್ನಹ



ಕಳೆದ ಮಾಗಿಯಲ್ಲಿ ಟೆಕ್ಸಾಸಿನ ಮಿತ್ರರೊಬ್ಬರ ಮನೆಯಲ್ಲಿ ಕಂಡ ಒಂದು ಸಣ್ಣ ವಸ್ತುವಿನಿಂದಲೇ ಈ ಬಿನ್ನಹವನ್ನು ಆರಂಭಿಸುತ್ತೇನೆ. ಅಂಗೈಗಿಂತ ತುಸು ಉದ್ದವಾದ, ಬಾಳೆಕಾಯಿಯಂತೆ ಕೊಂಚ ಬಾಗಿದ, ಕಪ್ಪು ಪ್ಲಾಸ್ಟಿಕ್ಕಿನ ಕರಂಡಕವದು; ಕೋವಿಗೆ ತೋಟಾಗಳನ್ನು ಒದಗಿಸುವ ಅದಕ್ಕೆ ಮ್ಯಾಗಜಿನ್ ಎಂದು ಹೆಸರು. ಮೂವತ್ತು ತೋಟಾಗಳನ್ನು ಹಿಡಿಯುವ ಆ ವಸ್ತುವಿನ ಮೇಲೆ ಕೋವಿಗಿರುವಂತಹ ಕ್ರಮಸಂಖ್ಯೆಯಿರಲಿಲ್ಲ. ಗುರಿಯಭ್ಯಾಸದ ಹವ್ಯಾಸವನ್ನು ತೊರೆದಿದ್ದ ಮಿತ್ರರು ಅದನ್ನು ಕೊಲೊರಾಡೋದ ಪರಿಚಿತರೊಬ್ಬರಿಗೆ ಮಾರಿ, ಪಾರ್ಸೆಲ್ ಮಾಡಿ ಕಳುಹಿಸುವುದರಲ್ಲಿದ್ದರು. “ಕೋವಿಯಲ್ಲವಲ್ಲ ಸ್ವಾಮಿ, ಬರಿಯ ಡಬ್ಬಿ, ಇದಕ್ಕೆಂಥ ಕಾನೂನು?” ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವಿಬ್ಬರೂ ನಡುವಿರುಳಿನವರೆಗೆ ಕುಳಿತೆವು. ಕೋವಿಯನ್ನು ಒಂದು ರಾಜ್ಯದ ನಿವಾಸಿ ಇನ್ನೊಂದು ರಾಜ್ಯದ ನಿವಾಸಿಗೆ ಮಾರಬೇಕಾದರೆ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಮಾರಬೇಕೆಂದು 1968ರ ಫೆಡರಲ್ ಶಾಸನ ವಿಧಿಸಿದೆ. ಆದರೆ ಮ್ಯಾಗಜಿನ್ ಆ ಶಾಸನದ ದೃಷ್ಟಿಯಲ್ಲಿ ಕೋವಿಯೇ ಅಲ್ಲ. ಹತ್ತಕ್ಕಿಂತ ಹೆಚ್ಚು ತೋಟಾ ಹಿಡಿಯುವ ಹೊಸ ಮ್ಯಾಗಜಿನ್‌ಗಳನ್ನು ನಿಷೇಧಿಸಿದ್ದ 1994ರ ಫೆಡರಲ್ ಕಾನೂನು ಹತ್ತು ವರ್ಷಗಳ ಅವಧಿ ತೀರಿ 2004ರಲ್ಲಿ ಅಸ್ತಂಗತವಾಯಿತು. ಅಂದಿನಿಂದ ರಾಜ್ಯಕ್ಕೊಂದು ನೀತಿ: ಟೆಕ್ಸಾಸಿನಲ್ಲಿ ಮಿತಿಯೇ ಇಲ್ಲ, ಕೊಲೊರಾಡೋದಲ್ಲಿ 2013ರ ಜುಲೈಯಿಂದ ಹದಿನೈದರ ಮಿತಿ, ನ್ಯೂಜೆರ್ಸಿಯಾದರೋ 2018ರಲ್ಲಿ ಹದಿನೈದನ್ನು ಹತ್ತಕ್ಕಿಳಿಸಿತು. ಇತ್ತ, ಕೋವಿಯ ಸದ್ದನ್ನಡಗಿಸುವ ಸೈಲೆನ್ಸರ್ ನೋಟಕ್ಕೆ ಬಿಡಿಭಾಗವೇ ಆದರೂ, ಫೆಡರಲ್ ಶಾಸನದಲ್ಲಿ ಅದು ಸಾಕ್ಷಾತ್ ಕೋವಿಗೆ ಸಮಾನ. ಕಣ್ಣಿಗೆ ಒಂದೇ ಜಾತಿಯವೆಂದು ತೋರುವ ಎರಡು ವಸ್ತುಗಳಿಗೆ ಹೀಗೆ ಭಿನ್ನ ಧರ್ಮಗಳಿರುವಲ್ಲಿ, ಸಾಮಾನ್ಯ ಗೃಹಸ್ಥನು ತನ್ನ ವಿವೇಕವೊಂದನ್ನೇ ನೆಚ್ಚಿ ನಡೆಯುವುದೆಂತು?

ದೇಶಭೇದದ ಈ ತೊಡಕಿಗೆ ಕಾಲಭೇದವೂ ಕೂಡಿಕೊಂಡಿದೆ. ಕ್ಯಾಲಿಫೋರ್ನಿಯದಲ್ಲಿ 2019ರ ಮಾರ್ಚ್ 29ರಂದು ಫೆಡರಲ್ ನ್ಯಾಯಾಧೀಶರೊಬ್ಬರು ಹತ್ತರ ಮಿತಿಯನ್ನು ಅಸಿಂಧುವೆಂದು ಸಾರಲು, ಒಂದು ವಾರ ಮಾತ್ರ ವ್ಯಾಪಾರ ಮುಕ್ತವಾಗಿದ್ದು, ಏಪ್ರಿಲ್ 5ರ ಸಂಜೆ ಐದು ಗಂಟೆಗೆ ಮತ್ತೆ ನಿಷಿದ್ಧವಾಯಿತು. ವಾಷಿಂಗ್ಟನ್ ರಾಜ್ಯದಲ್ಲಿ 2024ರ ಏಪ್ರಿಲ್‌ನಲ್ಲಿ ಅಂಥದೇ ಒಂದು ತೀರ್ಪು ಹೊರಬಿದ್ದ ಸುಮಾರು ಒಂದೂವರೆ ಗಂಟೆಯೊಳಗೆ ಮೇಲಿನ ನ್ಯಾಯಾಲಯ ಅದಕ್ಕೆ ತಡೆಯಿತ್ತಿತು. ಬೆಳಗಿನ ವಾರ್ತೆಯನ್ನು ನಂಬಿ ಮಧ್ಯಾಹ್ನ ಮಾರಿದವನು ಸಂಜೆಗೆ ಅಪರಾಧಿಯಾಗಬಹುದಾದ ಸ್ಥಿತಿಯಿದು. ನಮ್ಮ ವೇದಾಂತಿಗಳು ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತವನ್ನು ಹೇಳುತ್ತ ಬಂದಿದ್ದಾರೆ; ಇಲ್ಲಿಯಾದರೋ ಹಾವನ್ನೇ ಹಗ್ಗವೆಂದು ಕೈಯಲ್ಲಿ ಹಿಡಿಯುವ ಭಯ. ಭ್ರಮೆ ಹರಿದ ಮೇಲೆ ಮೊದಲನೆಯವನು ನಿಟ್ಟುಸಿರಿಟ್ಟಾನು. ಎರಡನೆಯವನಿಗೆ ಆ ಭಾಗ್ಯವಿಲ್ಲ.

ನಮ್ಮವರನ್ನೇ ಉದ್ದೇಶಿಸಿ ಇದನ್ನು ಬರೆಯುವುದಕ್ಕೆ ವಿಶೇಷವಾದ ಕಾರಣವುಂಟು. ಎಚ್-1ಬಿ ಮೊದಲಾದ ತಾತ್ಕಾಲಿಕ ವೀಸಾದಲ್ಲಿರುವವರು ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಪಡೆದವರೂ ನಿಶ್ಚಿಂತರಲ್ಲ: ಶಾಸನವು ಕೋವಿಯೆಂದು ಪರಿಗಣಿಸುವ ಸೈಲೆನ್ಸರಿನಂಥ ವಸ್ತುವನ್ನು ಕಾನೂನುಬಾಹಿರವಾಗಿ ಮಾರಿದ, ಅಷ್ಟೇಕೆ, ಮಾರಲು ಮುಂದಾದ ಅಪರಾಧ ನ್ಯಾಯಾಲಯದಲ್ಲಿ ಸ್ಥಿರಪಟ್ಟರೆ, ಹತ್ತಿಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿಕೊಂಡ ಬದುಕನ್ನು ಬಿಟ್ಟು ಗಡೀಪಾರಾಗುವ ಪ್ರಸಂಗ ಒದಗಬಹುದು. “ತಿಳಿಯದೆ ಮಾಡಿದೆ” ಎಂಬ ಮಾತನ್ನು ನೆಚ್ಚಿ ಹೆಂಡತಿಮಕ್ಕಳ ಭವಿಷ್ಯವನ್ನು ಪಣಕ್ಕೊಡ್ಡುವುದು ಯಾರಿಗೂ ತರವಲ್ಲ.

ಆದುದರಿಂದ ಕೈಮುಗಿದು ಬೇಡುವುದಿಷ್ಟು. ತಾತ್ಕಾಲಿಕ ವೀಸಾದಲ್ಲಿರುವವರು ಇಂಥ ವ್ಯವಹಾರದ ನೆರಳಿಗೂ ಹೋಗದಿರಿ. ಉಳಿದವರು ಕೊಳ್ಳುವವನ ರಾಜ್ಯದ ಇಂದಿನ ಕಾನೂನನ್ನು ಬಲ್ಲ ವಕೀಲರಿಂದ ಲಿಖಿತವಾಗಿ ತಿಳಿದುಕೊಳ್ಳದೆ ಗಡಿಯಾಚೆಗೆ ಏನನ್ನೂ ಕಳುಹಿಸದಿರಿ. ಸಂಶಯ ಉಳಿದರೆ ಮಾರಾಟವನ್ನೇ ಕೈಬಿಡಿ. ಇಲ್ಲಿನ ಪೌರತ್ವ ಪಡೆದು ಮತದ ಹಕ್ಕುಳ್ಳವರು ನಿಮ್ಮ ಪ್ರತಿನಿಧಿಗಳಿಗೆ ಪತ್ರ ಬರೆಯಿರಿ: ಯಾವ ವಸ್ತುವಿಗೆ ಯಾವ ರಾಜ್ಯದಲ್ಲಿ ಯಾವ ನಿರ್ಬಂಧವಿದೆಯೆಂಬುದನ್ನು ಸರ್ಕಾರವೇ ಸರಳವಾದ ಭಾಷೆಯಲ್ಲಿ ಒಂದೆಡೆ ಪ್ರಕಟಿಸಲಿ, ನಿಯಮ ಬದಲಾದಾಗ ಜನಕ್ಕೆ ತಿಳಿಯುವಷ್ಟು ಕಾಲಾವಕಾಶವಿರಲಿ ಎಂದು ಕೇಳಿರಿ. ಕೋವಿಯನ್ನು ಪ್ರೀತಿಸುವವರೂ ದ್ವೇಷಿಸುವವರೂ ಈ ಒಂದು ಬೇಡಿಕೆಯಲ್ಲಿ ಒಡಂಬಡಬಹುದು. ಏಕೆಂದರೆ ಅಸ್ಪಷ್ಟವಾದ ಕಾನೂನು ಸಜ್ಜನನನ್ನು ಬೆದರಿಸುವುದೇ ಹೊರತು ದುರ್ಜನನನ್ನು ತಡೆಯದು.

ನನ್ನ ಮಿತ್ರರು ಪಾರ್ಸೆಲ್ ಕಳುಹಿಸಲಿಲ್ಲ. ಮರುದಿನ ತಮ್ಮೂರಿನ ಪರವಾನಗಿಯುಳ್ಳ ವ್ಯಾಪಾರಿಯೊಬ್ಬರಿಗೇ ಅದನ್ನು ಒಪ್ಪಿಸಿ ಬಂದರು. ಕೈಗೆ ಬಂದ ಹಣ ಅಲ್ಪವೇ. ಆದರೆ ಆ ರಾತ್ರಿ ಅವರು ನೆಮ್ಮದಿಯಿಂದ ನಿದ್ದೆಮಾಡಿದರು. ಅಂಥ ನಿದ್ದೆ ನಿಮ್ಮೆಲ್ಲರದಾಗಲಿ ಎಂಬುದೇ ನನ್ನ ಪ್ರಾರ್ಥನೆ.